ಬರುವ ಬೇಸಿಗೆಗೆ ಯಾವ ಭಾಗವತರು, ಯಾವ ಗದ್ದೆ?

ಮುಂಗಾರು ಸಮೀಪಿಸುತ್ತಿದ್ದಂತೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ದೀಪಾವಳಿಯ ನಂತರ ಹೊರಟ ತಿರುಗಾಟವು, ತೆಂಕಿನವರು ಪತ್ತನಾಜೆ ಎಂದು ಕರೆಯುವ ದಿನದ ಹೊತ್ತಿಗೆ, ಎಂದರೆ ಮೇ ತಿಂಗಳ ಕೊನೆಯ ವಾರದ ಸುಮಾರಿಗೆ, ಮುಕ್ತಾಯವಾಗುತ್ತದೆ. ಆಟ ಮುಗಿಯುತ್ತದೆಯೇ ಹೊರತು ಆಟದ ಮಾತು ಮುಗಿಯುವುದಿಲ್ಲ. ಮುಂದಿನ ವರ್ಷ ಯಾವ ಭಾಗವತರು ಯಾವ ಮೇಳಕ್ಕೆ? ಚಂಡೆಗೆ ಯಾರು, ಮದ್ದಲೆಗೆ ಯಾರು? ಇಂಥ ವೇಷಧಾರಿ ಮೇಳ ಬಿಡುತ್ತಾರಂತೆ, ನಿಜವೇ? ಕುಮಟಾ, ಹೊನ್ನಾವರ ತಾಲ್ಲೂಕುಗಳ ಒಳನಾಡಿನಲ್ಲಿ, ಸಂತೆಗುಳಿಯಂಥ ಊರುಗಳ ಅಂಗಡಿಕಟ್ಟೆಗಳಲ್ಲಿ, ಮಳೆಗಾಲದ ಮೊದಲ ತಿಂಗಳು ಈ ಊಹೆಯಲ್ಲೇ ಕಳೆಯುವುದುಂಟು.

ಇದನ್ನು ಕೆಲಸವಿಲ್ಲದವರ ಹರಟೆ ಎಂದು ತಳ್ಳಿಹಾಕುವುದು ಸರಿಯಲ್ಲ. ಮೇಳಗಳಲ್ಲಿ ಕಲಾವಿದರ ಒಪ್ಪಂದ ಸಾಮಾನ್ಯವಾಗಿ ಒಂದು ತಿರುಗಾಟಕ್ಕೆ ಆಗುತ್ತದೆ. ಮಳೆಗಾಲದಲ್ಲಿ ಮರುಹೊಂದಾಣಿಕೆ ನಡೆಯುತ್ತದೆ. ಬೇಸಿಗೆಯಲ್ಲಿ ಆಟ ಆಡಿಸಬೇಕೆಂಬ ಊರು ಚಂದಾ ಎತ್ತಬೇಕು, ಮೇಳಕ್ಕೆ ವೀಳ್ಯ ಕೊಡಬೇಕು, ದಿನ ಗೊತ್ತುಮಾಡಬೇಕು. ಯಾರು ಎಲ್ಲಿ ಹಾಡುತ್ತಾರೆ ಎಂಬುದನ್ನು ಅರಿಯದೆ ಇದಾವುದೂ ಸಾಗದು. ಆದ್ದರಿಂದ ಊಹೆಯೂ ಒಂದು ಬಗೆಯ ಸಿದ್ಧತೆಯೇ. ಆದರೆ ಇಂದಿನ ಊಹೆ ಹೆಸರುಗಳ ಪಟ್ಟಿಯಲ್ಲಿಯೇ ನಿಂತುಬಿಡುತ್ತಿದೆ. ಆಟಕ್ಕೆ ಬೇಕಾದ ಇನ್ನೂ ಮೂರು ಸಂಗತಿಗಳು, ಎಂದರೆ ನೆಲ, ಮಳೆ ಮತ್ತು ಊರಿನದೇ ಹಿಮ್ಮೇಳ, ಆ ಪಟ್ಟಿಯಲ್ಲಿ ಕಾಣುವುದಿಲ್ಲ. ಆತಂಕದ ಮಾತು ಇದು.

ಮೊದಲು ಹೆಸರುಗಳನ್ನೇ ನೋಡಬಹುದು. 1990ರ ಮೇ ತಿಂಗಳಲ್ಲಿ ಕಾಳಿಂಗ ನಾವಡರು ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ ಮೂವತ್ತರ ಆಸುಪಾಸಿನ ಪ್ರಾಯ. ಅವರ ಸ್ಥಾನಕ್ಕೆ ಯಾರು ಎಂದು ಬಡಗುತಿಟ್ಟಿನ ಪ್ರೇಕ್ಷಕರೆಲ್ಲ ಕೇಳಿದ ಕಾಲವದು. ಆದರೂ ಆಗ ಹಿಮ್ಮೇಳದ ಸಾಲಿನಲ್ಲಿ ಹಿರಿಯರಿದ್ದರು, ಅವರ ಹಿಂದೆ ಕಿರಿಯರಿದ್ದರು. ಈಚಿನ ವರ್ಷಗಳ ಅಗಲಿಕೆಗಳು ಒಂದರ ಹಿಂದೊಂದು ಬಂದಿವೆ. ಪದ್ಮಶ್ರೀ ಪಡೆದ ಚಿಟ್ಟಾಣಿ ರಾಮಚಂದ್ರ ಹೆಗಡೆ 2017ರಲ್ಲಿ, ಇಡಗುಂಜಿ ಮೇಳದ ನೆಬ್ಬೂರು ನಾರಾಯಣ ಭಾಗವತರು 2019ರಲ್ಲಿ, ಹೊಸ್ತೋಟ ಮಂಜುನಾಥ ಭಾಗವತರು 2020ರ ಜನವರಿಯಲ್ಲಿ, ಪೆರ್ಡೂರು ಮೇಳದಲ್ಲಿ ದೀರ್ಘಕಾಲ ಹಾಡಿದ ಸುಬ್ರಹ್ಮಣ್ಯ ಧಾರೇಶ್ವರರು 2024ರ ಏಪ್ರಿಲ್‌ನಲ್ಲಿ ನಿಧನರಾದರು. ಇವರಲ್ಲಿ ಬಹುತೇಕರು ಇದೇ ಜಿಲ್ಲೆಯ ಮಣ್ಣಿನವರು. ಪ್ರತಿ ಬೇಸಿಗೆಯ ಪಟ್ಟಿ ಹಿಂದಿನ ಪಟ್ಟಿಯಿಂದ ಕಳೆದು ಉಳಿದದ್ದಾದರೆ, ಕೂಡಿಸುವ ಕೆಲಸ ಎಲ್ಲಿ ನಡೆಯಬೇಕು ಎಂಬ ಪ್ರಶ್ನೆಯನ್ನು ಯಾರೂ ಎತ್ತದಿರುವುದು ಸೋಜಿಗ.

ಹಿಂದೆ ಆ ಕೆಲಸವನ್ನು ಆಟವೇ ಮಾಡುತ್ತಿತ್ತು. ಇಡೀ ರಾತ್ರಿಯ ಬಯಲಾಟದಲ್ಲಿ ಪ್ರಸಂಗಕ್ಕೆ ಮೊದಲು ಪೂರ್ವರಂಗವಿತ್ತು. ಕೋಡಂಗಿ, ಬಾಲಗೋಪಾಲ ವೇಷಗಳು ಕಲಿಯುವ ಹುಡುಗರ ಪಾಲಿನವು. ತಪ್ಪಿದ ಹೆಜ್ಜೆಯನ್ನು ಪ್ರೇಕ್ಷಕರು ಮನ್ನಿಸುವ ಹೊತ್ತು ಅದು. ಆ ಭಾಗಕ್ಕೆ ಕಿರಿಯ ಭಾಗವತ ಹಾಡುತ್ತಿದ್ದ. ರಾತ್ರಿ ಏರಿದಂತೆ ಮುಖ್ಯ ಭಾಗವತರು ಜಾಗಟೆ ಕೈಗೆತ್ತಿಕೊಳ್ಳುತ್ತಿದ್ದರು. ಹೀಗೆ ಒಂದೇ ರಾತ್ರಿಯ ಅಟ್ಟದ ಮೇಲೆ ಕಲಿಯುವವನಿಂದ ಕಲಿತವನವರೆಗೆ ಮೆಟ್ಟಿಲುಗಳಿದ್ದವು. ಈಗ ಬಹಳ ಕಡೆ ಆಟ ಮೂರು ನಾಲ್ಕು ಗಂಟೆಯದು. ಕಾಲಮಿತಿ ಬಂದೊಡನೆ ಮೊದಲು ಬಿದ್ದದ್ದು ಪೂರ್ವರಂಗ. ಅತಿಥಿ ಕಲಾವಿದರ ಹೆಸರನ್ನು ದೊಡ್ಡಕ್ಷರದಲ್ಲಿ ಅಚ್ಚುಹಾಕಿಸಿದ ಕರಪತ್ರದಲ್ಲಿ ಹುಡುಗನೊಬ್ಬನ ಬಾಲಗೋಪಾಲಕ್ಕೆ ಜಾಗವೆಲ್ಲಿ? ಮೆಟ್ಟಿಲನ್ನು ಕಿತ್ತುಹಾಕಿ, ಮೇಲೆ ನಿಲ್ಲುವವರು ಕಡಿಮೆಯಾದರೆಂದು ಕೊರಗುವುದು ವಿವೇಕವಲ್ಲ.

ಎರಡನೆಯದು ನೆಲದ ಪ್ರಶ್ನೆ. ಬಯಲಾಟ ಎಂಬ ಹೆಸರಿನಲ್ಲಿಯೇ ಬಯಲಿದೆ. ಘಟ್ಟದ ಬುಡದ ಊರುಗಳಲ್ಲಿ ಆ ಬಯಲು ಎಂದರೆ ಹೆಚ್ಚಿನ ಕಡೆ ಕೊಯ್ಲಾದ ಭತ್ತದ ಗದ್ದೆ. ಸುಗ್ಗಿ ಮುಗಿದು ನೆಲ ಒಣಗಿ ಗಟ್ಟಿಯಾದ ಮೇಲೆ ಅಲ್ಲಿ ಕಂಬ ನೆಟ್ಟು ಚಪ್ಪರ ಹಾಕುತ್ತಿದ್ದರು; ಜನ ಚಾಪೆ ಹಾಸಿ ಕೂರುತ್ತಿದ್ದರು. ಆ ಗದ್ದೆಗಳೇ ಇಂದು ಅಡಿಕೆ ತೋಟಗಳಾಗುತ್ತಿವೆ. ರೈತನನ್ನು ಇದಕ್ಕಾಗಿ ದೂರುವುದು ಅನ್ಯಾಯ. ಭತ್ತಕ್ಕೆ ಆಳು ಸಿಗದು, ಕಾಡುಹಂದಿ ಮತ್ತು ಮಂಗಗಳ ಕಾಟ ತಪ್ಪದು, ಬೆಲೆಯೂ ಖರ್ಚನ್ನು ಹೊರದು. ಅಡಿಕೆ ಕೊಡುವ ಭರವಸೆಯನ್ನು ಭತ್ತ ಕೊಡಲಾರದು ಎಂಬುದು ಮನೆಮನೆಯ ಲೆಕ್ಕ.

ಆದರೆ ಆ ಲೆಕ್ಕದಲ್ಲಿ ಸೇರದ ಅಂಶಗಳಿವೆ. ಒಂಬತ್ತು ಅಡಿ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 550 ಅಡಿಕೆ ಗಿಡಗಳಾಗುತ್ತವೆ. ಅಡಿಕೆಯ ಬೇರಿಗೆ ನಿಂತ ನೀರು ಆಗದು. ಆದ್ದರಿಂದ ಸಾಲುಗಳ ನಡುವೆ ಬಸಿಗಾಲುವೆ ತೋಡಿ ಮಳೆಯ ನೀರನ್ನು ಹೊರಗೆ ಹರಿಸಬೇಕು. ಭತ್ತದ ಗದ್ದೆಯ ಸ್ವಭಾವ ಇದಕ್ಕೆ ತದ್ವಿರುದ್ಧ. ಬದು ಕಟ್ಟಿದ ಗದ್ದೆಯಲ್ಲಿ ಮಳೆಗಾಲವಿಡೀ ನೀರು ನಿಂತು ನಿಧಾನವಾಗಿ ಇಂಗುತ್ತದೆ. ಆ ನೀರು ತಗ್ಗಿನ ಬಾವಿಗಳಿಗೆ, ಹಳ್ಳಕ್ಕೆ ಆಸರೆಯಾಗುತ್ತದೆ. ಗದ್ದೆ ತೋಟವಾದಲ್ಲಿ ಮಳೆಗಾಲದ ನೀರು ಬೇಗ ಹರಿದುಹೋಗುವುದಷ್ಟೇ ಅಲ್ಲ, ಬೇಸಿಗೆಯಲ್ಲಿ ಆ ತೋಟಕ್ಕೇ ನೀರು ಎತ್ತಿ ಹಾಕಬೇಕಾಗುತ್ತದೆ. ಆಟದ ಬಯಲು ಮತ್ತು ಊರಿನ ಬಾವಿ ಬೇರೆ ಬೇರೆ ಸಂಗತಿಗಳೆಂದು ತೋರಬಹುದು. ಎರಡನ್ನೂ ಕಾದದ್ದು ಒಂದೇ ಗದ್ದೆ. ಮರ ಎದ್ದು ನಿಂತ ನೆಲದಲ್ಲಿ ಮತ್ತೆ ಚಪ್ಪರ ಏಳುವುದಿಲ್ಲ. ಆಟವು ಶಾಲೆಯ ಮೈದಾನಕ್ಕೋ ಪೇಟೆಯ ಸಭಾಭವನಕ್ಕೋ ಹೋಗುತ್ತದೆ. ರಾತ್ರಿ ವಾಹನವಿಲ್ಲದ ಒಳಕೇರಿಯ ಮುದುಕಿಯೂ ಮಕ್ಕಳೂ ಮನೆಯಲ್ಲೇ ಉಳಿಯುತ್ತಾರೆ.

ಬೆಂಗಳೂರಿನ ಒಂದು ಉದಾಹರಣೆ ಇಲ್ಲಿ ಪ್ರಸ್ತುತ. ಚಾಮರಾಜಪೇಟೆಯ ಶ್ರೀ ರಾಮಸೇವಾ ಮಂಡಳಿಯು 1930ರ ದಶಕದ ಕೊನೆಯ ಭಾಗದಿಂದ ರಾಮನವಮಿಯ ಸಂಗೀತೋತ್ಸವವನ್ನು ಪ್ರತಿ ಬೇಸಿಗೆಯಲ್ಲಿ ನಡೆಸುತ್ತ ಬಂದಿದೆ. ಆ ವರ್ಷ ಯಾರು ಹಾಡುತ್ತಾರೆಂದು ಅಲ್ಲಿನ ರಸಿಕರೂ ಮುಂಚಿತವಾಗಿ ಊಹಿಸುವುದು ಸಹಜ. ಆದರೆ ಆ ಉತ್ಸವ ಜನಮನದಲ್ಲಿ ನೆಲೆಸಿದ್ದು ಗಾಯಕರ ಹೆಸರಿನಿಂದಷ್ಟೇ ಅಲ್ಲ. ಕೋಟೆ ಪ್ರೌಢಶಾಲೆಯ ಮೈದಾನದ ಚಪ್ಪರದಿಂದಲೂ ಹೌದು. ತಲೆಮಾರುಗಳು ಬದಲಾದವು, ಕಲಾವಿದರು ಬದಲಾದರು, ಕೇಳುಗರು ಮಾತ್ರ ದಶಕಗಳ ಕಾಲ ಅದೇ ಮೈದಾನಕ್ಕೆ ಬಂದರು. ನೆಲದ ಬೆಲೆ ಗಗನಕ್ಕೇರಿದ ನಗರದ ನಡುವೆ ಒಂದು ಬಯಲು ಉತ್ಸವಕ್ಕಾಗಿ ಉಳಿಯಬಹುದಾದರೆ, ಹಳ್ಳಿಯಲ್ಲಿ ಒಂದು ಗದ್ದೆ ಉಳಿಯಲಾರದೆ?

ಮೂರನೆಯದು ಮಳೆ. ವಾಡಿಕೆಯಂತೆ ಜೂನ್ 1ರ ಸುಮಾರಿಗೆ ಕೇರಳವನ್ನು ಮುಟ್ಟುವ ಮುಂಗಾರು 2025ರಲ್ಲಿ ಮೇ 24ಕ್ಕೇ ಮುಟ್ಟಿ, ಅದರ ಬೆನ್ನಿಗೇ ಕರ್ನಾಟಕದ ಕರಾವಳಿಯನ್ನೂ ಆವರಿಸಿತು. 2021ರ ಮೇ ಮಧ್ಯದಲ್ಲಿ ತೌಕ್ತೆ ಚಂಡಮಾರುತ ಇದೇ ಕರಾವಳಿಯ ಬದಿಯಿಂದ ಸಾಗಿಹೋಯಿತು. ಮೇ ತಿಂಗಳ ಕೊನೆಯ ವಾರವನ್ನು ನಂಬಿ ಆಟ ಗೊತ್ತುಮಾಡುವುದು ಇನ್ನು ಮುಂದೆ ಜೂಜಿಗೆ ಸಮ. ಆದರೂ ಹೆಸರುವಾಸಿ ಕಲಾವಿದರ ದಿನ ಸಿಗುವವರೆಗೆ ಕಾಯುತ್ತ ಊರುಗಳು ದಿನವನ್ನು ಮಳೆಯ ಬಾಯಿಗೆ ಸಮೀಪ ತಳ್ಳುತ್ತವೆ. ಭಾಗವತರು ಯಾರೆಂಬ ಊಹೆಯಲ್ಲಿ ಇಷ್ಟು ಚುರುಕಾಗಿರುವ ಬುದ್ಧಿ, ಮೋಡದ ಬಗ್ಗೆಯೂ ಸ್ವಲ್ಪ ಓಡಿದರೆ ಚಂದಾ ಹಣ ಕೆಸರುಪಾಲಾಗುವುದು ತಪ್ಪುತ್ತದೆ.

ಧ್ವನಿವರ್ಧಕದ ಮಾತೂ ಇದರೊಡನೆ ಬರುತ್ತದೆ. ಶಬ್ದಮಾಲಿನ್ಯ ನಿಯಂತ್ರಣದ 2000ದ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕಕ್ಕೆ ನಿರ್ಬಂಧವಿದೆ. ಕಲಾಭಿಮಾನಿಗಳು ಇದನ್ನು ಯಕ್ಷಗಾನದ ಶತ್ರುವೆಂದು ಬಗೆಯುವುದುಂಟು. ಆದರೆ ದೀವಟಿಗೆಯ ಬೆಳಕಿನಲ್ಲಿ ಆಡುತ್ತಿದ್ದ ಕಾಲದಲ್ಲಿ ಬರಿಗಂಟಲಿನ ಪದ್ಯ ಗದ್ದೆಯ ಅಂಚನ್ನು ಮುಟ್ಟುತ್ತಿತ್ತು. ಚಂಡೆಗಂತೂ ಯಂತ್ರದ ನೆರವು ಬೇಕಿರಲಿಲ್ಲ. ಕಾಡಿನ ಅಂಚಿನ ಊರಿನಲ್ಲಿ ನಾಲ್ಕು ದಿಕ್ಕಿಗೂ ಪೆಟ್ಟಿಗೆ ಕಟ್ಟಿ ಕೂಗಿಸುವುದು ಕಲೆಗೆ ಅನಿವಾರ್ಯವಲ್ಲ. ಆಟ ಚಿಕ್ಕದಾದಷ್ಟೂ, ಕೇಳುಗರು ಹತ್ತಿರವಾದಷ್ಟೂ ಯಂತ್ರದ ಅವಶ್ಯಕತೆ ತಗ್ಗುತ್ತದೆ.

ಹೆಸರಿಲ್ಲದಿದ್ದರೆ ಜನ ಸೇರುವುದಿಲ್ಲ, ಜನ ಸೇರದಿದ್ದರೆ ಚಂದಾ ಹುಟ್ಟುವುದಿಲ್ಲ ಎಂಬ ಆಕ್ಷೇಪಕ್ಕೆ ತೂಕವಿದೆ. ಮೇಳದ ಕಲಾವಿದರಿಗೆ ಆರು ತಿಂಗಳ ತಿರುಗಾಟವೇ ವರ್ಷದ ಅನ್ನ ಎಂಬುದೂ ನಿಜ. 2020ರ ಮಾರ್ಚ್‌ನಲ್ಲಿ ಕೊರೋನಾ ಕಾರಣದಿಂದ ತಿರುಗಾಟ ಅರ್ಧಕ್ಕೇ ನಿಂತಾಗ ಆ ಬದುಕು ಎಷ್ಟು ಬಿಗಿಯದೆಂಬುದು ಎಲ್ಲರಿಗೂ ತಿಳಿಯಿತು. ಆದ್ದರಿಂದ ಹೊರಗಿನವರನ್ನು ಕರೆಯಬಾರದು ಎಂಬುದು ಇಲ್ಲಿನ ವಾದವಲ್ಲ. ಪಟ್ಟಿ ಪೂರ್ತಿಯಾಗಿ ಹೊರಗಿನದೇ ಆಗಬಾರದು ಎಂಬುದಷ್ಟೇ ವಾದ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳ ಹೊನ್ನಾವರ ಸೀಮೆಯ ಹಳ್ಳಿಯಿಂದಲೇ ಎದ್ದು ಹೊರದೇಶಗಳವರೆಗೆ ಹೋಯಿತು. ಅವರ ಮಗ ಶಂಭು ಹೆಗಡೆ 1986ರಲ್ಲಿ ಗುಣವಂತೆಯಲ್ಲಿ ಶ್ರೀಮಯ ಕಲಾಕೇಂದ್ರ ತೆರೆದು ಕಲಿಸುವ ಕೆಲಸಕ್ಕೆ ನೆಲೆ ಒದಗಿಸಿದರು. ಹೊಸ್ತೋಟದ ಭಾಗವತರು ಊರೂರು ಅಲೆದು ಮಕ್ಕಳಿಗೆ ಕಲಿಸಿದರು. ಪ್ರಸಿದ್ಧರಾದ ಮೇಲೆ ಜನ ಅವರ ಬಳಿಗೆ ಬಂದದ್ದು ನಿಜ. ಆದರೆ ಮೊದಲು ಅವರನ್ನು ಕೇಳಿದ್ದು ಊರಿನ ನೂರು ಕಿವಿಗಳು.

ಹಾಗಾದರೆ ಸಂತೆಗುಳಿಯ ಸುತ್ತಿನ ಊರುಗಳು ಬರುವ ಬೇಸಿಗೆಗೆ ಪಟ್ಟಿ ಬರೆಯುವುದಾದರೆ ಹೇಗೆ ಬರೆಯಬೇಕು? ಮೊದಲ ಸಾಲಿನಲ್ಲಿ ಗದ್ದೆ ಇರಲಿ. ಈ ಮಳೆಗಾಲದಲ್ಲಿ ಭತ್ತ ಬೆಳೆದು ಬೇಸಿಗೆಯಲ್ಲಿ ಬಯಲು ಬಿಟ್ಟುಕೊಡುವ ಒಂದು ಮನೆಗೆ, ಚಂದಾ ಹಣದ ಒಂದು ಪಾಲನ್ನು ಗೌರವಪೂರ್ವಕವಾಗಿ ಸಲ್ಲಿಸುವ ಒಪ್ಪಂದವಾಗಲಿ. ನಾಟಿಗೆ, ಕೊಯ್ಲಿಗೆ ಆಟದ ಸಮಿತಿಯ ಯುವಕರೇ ಎರಡು ದಿನ ಇಳಿಯಲಿ. ಅತಿಥಿ ಕಲಾವಿದರೊಬ್ಬರ ಗೌರವಧನವನ್ನು ಉಳಿಸಿದರೆ ಈ ಪಾಲಿಗೆ ದಾರಿಯಾಗುತ್ತದೆ. ಎರಡನೆಯ ಸಾಲಿನಲ್ಲಿ ದಿನ: ಶಿವರಾತ್ರಿಯ ನಂತರ, ಏಪ್ರಿಲ್ ಮಧ್ಯದೊಳಗೆ, ಪರೀಕ್ಷೆಗೆ ಅಡ್ಡಿಯಾಗದಂತೆ. ಮೂರನೆಯ ಸಾಲಿನಲ್ಲಿ ಪೂರ್ವರಂಗ: ಊರಿನ ಶಾಲೆ, ಕಾಲೇಜಿನ ಹುಡುಗ ಹುಡುಗಿಯರದು, ಊರಿನದೇ ಮದ್ದಲೆಯೊಡನೆ. ಅದಕ್ಕೆ ತಾಳದ ಪಾಠ ಈ ಮಳೆಗಾಲದಲ್ಲೇ ಶುರುವಾಗಬೇಕು. ನಾಲ್ಕನೆಯ ಸಾಲಿನಲ್ಲಿ, ಸಂತೋಷದಿಂದಲೇ, ದೂರದಿಂದ ಬರುವ ಭಾಗವತರ ಹೆಸರು ಇರಲಿ. ಮದ್ದಲೆಯ ಕಳಸಿಗೆ ಹಲಸಿನ ಮರದಿಂದ ಆಗುವಂಥದು; ಆ ಮರ ಬಲಿಯಲು ದಶಕಗಳು ಬೇಕು. ಆಟದ ಮರುದಿನ ಗದ್ದೆಯ ಮೇಲಿನ ದಿಬ್ಬದಲ್ಲಿ ಎರಡು ಹಲಸಿನ ಬೀಜ ಊರಿದರೆ ಐದನೆಯ ಸಾಲೂ ತುಂಬಿದಂತೆ.

ಯಾವ ಭಾಗವತರು ಯಾವ ಮೇಳಕ್ಕೆ ಎಂಬುದನ್ನು ಮೇಳದ ಯಜಮಾನರು ಮಳೆಗಾಲ ಮುಗಿಯುವುದರೊಳಗೆ ಹೇಗೂ ತೀರ್ಮಾನಿಸುತ್ತಾರೆ. ಆದರೆ ಅವರು ಬಂದು ನಿಲ್ಲುವ ನೆಲದ ತೀರ್ಮಾನ ಊರಿನ ಕೈಯಲ್ಲಿದೆ, ಮತ್ತು ಅದಕ್ಕೆ ಅಷ್ಟು ಸಮಯವಿಲ್ಲ. ಮೊದಲ ಮಳೆ ಬಿದ್ದೊಡನೆ ಆ ಗದ್ದೆಗೆ ಭತ್ತದ ಬೀಜ ಬೀಳುತ್ತದೆಯೋ, ಅಡಿಕೆ ಸಸಿಗೆ ಗುಂಡಿ ಬೀಳುತ್ತದೆಯೋ ಎಂಬುದರಲ್ಲಿ ಬರುವ ಬೇಸಿಗೆಯ ಆಟ ಅಡಗಿದೆ.