ಕಾಯಿಲೆ ಮಲಗಲು ಯಾರಿಗೆ ರಜೆ?

ಸಮಾಜಶಾಸ್ತ್ರವೆಂದರೆ ಕಾಲೇಜಿನ ಹುಡುಗರು ಪರೀಕ್ಷೆಗೆಂದು ಉರುಹೊಡೆಯುವ ವಿಷಯ, ಸಂಸಾರಸ್ಥರಾದ ನಮಗೆ ಅದರಿಂದ ಆಗಬೇಕಾದದ್ದೇನು ಎಂದು ವಾಚಕರು ಕೇಳಬಹುದು. ಕೇಳುವುದು ನ್ಯಾಯವೇ. ಆದರೆ ಮನೆಯಲ್ಲಿ ಒಬ್ಬರು ಜ್ವರ ಬಂದು ಮಲಗಿದಾಗ ಏನೇನು ನಡೆಯುತ್ತದೆಂಬುದನ್ನು ಸ್ವಲ್ಪ ನೆನೆದುಕೊಳ್ಳಿ. ವೈದ್ಯರು ನೋಡುವುದು ನಾಡಿ, ನಾಲಿಗೆ, ರಕ್ತಪರೀಕ್ಷೆಯ ಚೀಟಿ. ಅವರು ಎದ್ದುಹೋದ ಮೇಲೆ ಉಳಿಯುವ ಪ್ರಶ್ನೆಗಳೇ ಬೇರೆ. ಒಲೆ ಹಚ್ಚುವವರು ಯಾರು? ರಾತ್ರಿ ಎದ್ದು ನೀರು ಕೊಡುವವರು ಯಾರು? ಈ ದಿನಗಳ ಸಂಬಳ ಬರುವುದೋ ಇಲ್ಲವೋ? ಇವಕ್ಕೆ ಯಾವ ಔಷಧದಂಗಡಿಯಲ್ಲಿಯೂ ಉತ್ತರ ಸಿಕ್ಕದು. ಸಮಾಜಶಾಸ್ತ್ರ ಹುಟ್ಟಿರುವುದೇ ಇಂಥ ಪ್ರಶ್ನೆಗಳಿಗಾಗಿ. ಅದು ನಮ್ಮವರಿಗೆ ಅಪರಿಚಿತವೂ ಅಲ್ಲ. ಮೈಸೂರಿನವರೇ ಆದ ಎಂ. ಎನ್. ಶ್ರೀನಿವಾಸರು 1948ರಲ್ಲಿ ಮೈಸೂರಿನ ಸಮೀಪದ ಹಳ್ಳಿಯೊಂದರಲ್ಲಿ ವಾಸಮಾಡಿ, ಕಣ್ಣೆದುರಿನ ಜನಜೀವನವೇ ಶಾಸ್ತ್ರಕ್ಕೆ ಸಾಕಾದಷ್ಟು ಸಾಮಗ್ರಿಯೆಂದು ತೋರಿಸಿಕೊಟ್ಟವರು.

1951ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಟಾಲ್ಕಟ್ ಪಾರ್ಸನ್ಸ್ ಎಂಬ ವಿದ್ವಾಂಸರು ಸಮಾಜವ್ಯವಸ್ಥೆಯನ್ನು ಕುರಿತು ಒಂದು ದಪ್ಪ ಗ್ರಂಥವನ್ನು ಪ್ರಕಟಿಸಿದರು. ಗ್ರಂಥ ಕಬ್ಬಿಣದ ಕಡಲೆಯೇ ಸರಿ. ಆದರೆ ರೋಗಿಯ ವಿಷಯವಾಗಿ ಅದರಲ್ಲಿ ಬರುವ ವಿಚಾರ ಯಾರಿಗೂ ತಿಳಿಯುವಂಥದು. ರೋಗ ಬರುವುದು ದೇಹಕ್ಕೆ; ರೋಗಿಯಾಗಿರುವುದು ಮಾತ್ರ ಸಮಾಜದಲ್ಲಿ ಒಂದು ಪಾತ್ರ, ನಾಟಕದಲ್ಲಿ ಪಾತ್ರವಿದ್ದ ಹಾಗೆ. ಆ ಪಾತ್ರಕ್ಕೆ ಎರಡು ಸವಲತ್ತು, ಎರಡು ಕಟ್ಟುಪಾಡು. ರೋಗಿಗೆ ನಿತ್ಯದ ಕೆಲಸದಿಂದ ಬಿಡುಗಡೆಯುಂಟು. ಕಾಯಿಲೆ ಬಂದದ್ದು ಅವನ ತಪ್ಪೆಂದು ಯಾರೂ ಹಳಿಯುವಂತಿಲ್ಲ. ಅದಕ್ಕೆ ಪ್ರತಿಯಾಗಿ ಅವನು ಬೇಗ ಗುಣವಾಗಬೇಕೆಂದು ಬಯಸಬೇಕು. ಬಲ್ಲವರ ಬಳಿ ಹೋಗಿ ಅವರು ಹೇಳಿದಂತೆ ಕೇಳಬೇಕು. ಹುಷಾರಾದ ಮೇಲೂ ಹಾಸಿಗೆ ಬಿಡದವನನ್ನು ನಮ್ಮ ಕಡೆ ಏನೆನ್ನುತ್ತಾರೆಂಬುದನ್ನು ಹೇಳಬೇಕಾಗಿಲ್ಲ.

ಇಲ್ಲೊಂದು ಸೂಕ್ಷ್ಮವಿದೆ. ಜ್ವರ ಯಾರನ್ನೂ ಕೇಳದೆ ಬರುತ್ತದೆ. ರೋಗಿಯ ಪಾತ್ರವನ್ನು ಮಾತ್ರ ಸುತ್ತಲಿನವರು ಕೊಡಬೇಕು. ಮನೆಯವರು, ಕೆಲಸ ಕೊಟ್ಟವರು, ಸರ್ಟಿಫಿಕೇಟು ಬರೆಯುವ ಡಾಕ್ಟರು ಎಲ್ಲರೂ ಒಪ್ಪಿದರೇ ಮನುಷ್ಯ ನೆಮ್ಮದಿಯಾಗಿ ಮಲಗಬಲ್ಲ. ಇದು ಎಲ್ಲರಿಗೂ ಒಂದೇ ಸಮನಾಗಿ ಸಿಕ್ಕುತ್ತದೆಯೇ?

ದೂರ ಹೋಗುವುದು ಬೇಡ. ಯಜಮಾನರಿಗೆ ನೆಗಡಿಯಾದರೆ ಮನೆಗೆ ಮನೆಯೇ ಪಿಸುಮಾತಿನಲ್ಲಿ ಓಡಾಡುತ್ತದೆ. ಮೆಣಸಿನ ಸಾರು, ಬಿಸಿನೀರು, ಹೊದಿಕೆ ಎಲ್ಲವೂ ಮಂಚಕ್ಕೇ ಬರುತ್ತವೆ. ಗೃಹಿಣಿಗೆ ಮೈ ಕೆಂಡದಂತೆ ಸುಡುತ್ತಿದ್ದರೂ ಸಾರನ್ನು ಅವಳೇ ಕುದಿಸಿಕೊಳ್ಳಬೇಕು. ಅವಳ ಜ್ವರವೇನೂ ಕಡಿಮೆಯದಲ್ಲ. ಅವಳ ಕೆಲಸಕ್ಕೆ ರಜೆ ಮಂಜೂರು ಮಾಡುವ ಕಛೇರಿ ಇಲ್ಲ, ಅಷ್ಟೆ. (ಇದನ್ನೋದಿ ನಗುವ ಯಜಮಾನರು ತಮ್ಮ ಮನೆಯವರ ಮುಖವನ್ನೊಮ್ಮೆ ನೋಡಿಕೊಂಡು ನಗಬೇಕಾಗಿ ವಿನಂತಿ.)

ಹಾಗೆಂದು ನಮ್ಮ ಹಿರಿಯರು ಹೆಂಗಸರಿಗೆ ವಿಶ್ರಾಂತಿಯನ್ನೇ ಕೊಡಲಿಲ್ಲವೆನ್ನುವಂತಿಲ್ಲ. ಬಾಣಂತನವನ್ನೇ ನೋಡಿ. ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಬರುವುದು, ಎಣ್ಣೆನೀರು, ಅಂಟಿನುಂಡೆ, ಕಷಾಯ, ಬೆಚ್ಚಗಿನ ಕೋಣೆ, ಮೂರು ನಾಲ್ಕು ತಿಂಗಳ ಆರೈಕೆ. ಇದು ತಾಯಿಯ ಅಂತಃಕರಣವೊಂದರಿಂದಲೇ ನಡೆದುಬಂದದ್ದಲ್ಲ. ಊರೆಲ್ಲ ಒಪ್ಪಿದ ಏರ್ಪಾಡು. ಬಾಣಂತಿ ಕೊಡಪಾನ ಎತ್ತಿದರೆ ಪಕ್ಕದ ಮನೆಯವರೇ ಗದರುತ್ತಿದ್ದರು. ಪಾರ್ಸನ್ಸರು ಹುಟ್ಟುವುದಕ್ಕೆ ಎಷ್ಟೋ ಮುಂಚೆ ನಮ್ಮ ಅಜ್ಜಿಯರು ಆ ಪಾತ್ರವನ್ನು ಬರೆದಿಟ್ಟಿದ್ದರು. ಈಗ ಸಾಲ್ಟ್ ಲೇಕಿನಲ್ಲಿ ಹೆರಿಗೆಯಾದರೆ ಮಗಳ ಬದಲು ತವರೇ ರೈಲು ಹತ್ತಬೇಕು. ಧಾರವಾಡದಿಂದಲೋ ಮಂಡ್ಯದಿಂದಲೋ ತಾಯಿ ಅಂಟು, ಕೊಬ್ಬರಿ, ಬಜೆ, ಹರಳೆಣ್ಣೆ ಕಟ್ಟಿಕೊಂಡು ಹಾವಡಾದಲ್ಲಿ ಇಳಿಯುವುದನ್ನು ನಾವೆಲ್ಲ ನೋಡಿದ್ದೇವೆ. ಆ ತಾಯಿ ಬರಲಾರದ ಮನೆಯಲ್ಲಿ ಬಾಣಂತನವೂ ಹತ್ತೇ ದಿನಕ್ಕೆ ಮುಗಿಯುತ್ತದೆ.

ತಿಂಗಳ ಮೂರು ದಿನದ ‘ಹೊರಗೆ ಕೂರುವ’ ಪದ್ಧತಿಯನ್ನೂ ಕೆಲವರು ವಿಶ್ರಾಂತಿಯೆಂದೇ ಹೊಗಳುವುದುಂಟು. ವಿಶ್ರಾಂತಿ ಹೌದು, ಆದರೆ ಮೈಲಿಗೆಯೆಂಬ ಬೆಲೆ ತೆತ್ತು ಕೊಂಡ ವಿಶ್ರಾಂತಿ. 2025ರ ಅಕ್ಟೋಬರಿನಲ್ಲಿ ಕರ್ನಾಟಕದ ಮಂತ್ರಿಮಂಡಲವು ದುಡಿಯುವ ಹೆಂಗಸರಿಗೆ ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನ ಸಂಬಳಸಹಿತ ಋತುಚಕ್ರದ ರಜೆಗೆ ಒಪ್ಪಿಗೆಯಿತ್ತಿತು. ಬೆಲೆಯಿಲ್ಲದೆಯೂ ವಿಶ್ರಾಂತಿ ಕೊಡಬಹುದೆಂಬ ಈ ಹೆಜ್ಜೆ ನಮಗೆ ಮೆಚ್ಚುಗೆಯಾಯಿತು. ಕಛೇರಿ ಕಾರ್ಖಾನೆಗಳ ಹೊರಗೆ, ಮನೆಗಳೊಳಗೆ ದುಡಿಯುವವರ ಮಾತೇ ಬೇರೆ. ಆ ಮಾತಿಗೇ ಈಗ ಬರುತ್ತೇವೆ.

ನಮ್ಮ ಈ ಉಪನಗರವನ್ನು ಮನಸ್ಸಿನಲ್ಲಿ ಕಂಡವರು ಸ್ವತಃ ವೈದ್ಯರು, ಮುಖ್ಯಮಂತ್ರಿ ಬಿಧಾನಚಂದ್ರ ರಾಯರು. ಯುಗೋಸ್ಲಾವಿಯದ ತಾಷ್ಕೋವಿಚ್ ಎಂಬ ನಗರಶಿಲ್ಪಿಯ ನಕ್ಷೆಯಂತೆ, ಹೂಗ್ಲಿಯ ಹೂಳನ್ನು ತಂದು ಉಪ್ಪುನೀರಿನ ಜೌಗನ್ನು ತುಂಬುವ ಕೆಲಸ 1962ರಲ್ಲಿ ಮೊದಲಾಯಿತು. ರಾಯರು ಅದೇ ವರ್ಷ ಜುಲೈ 1ರಂದು ತೀರಿಕೊಂಡರು. ಅಗಲವಾದ ಬೀದಿ, ಬ್ಲಾಕಿಗೊಂದು ಪಾರ್ಕು, ಗಾಳಿ ಬೆಳಕು. ಆರೋಗ್ಯಕ್ಕೆ ಬೇಕಾದದ್ದೆಲ್ಲ ನಕ್ಷೆಯಲ್ಲಿತ್ತು. ಬ್ಯಾಂಕಿನ ವರ್ಗಾವಣೆಯ ಮೇಲೆ, ಭೂಗರ್ಭ ಇಲಾಖೆಯ ನೌಕರಿಯ ಮೇಲೆ ಬಂದ ನಮ್ಮವರು ಇಲ್ಲಿ ಬೇರೂರಿದರು. ಅವರ ಮಕ್ಕಳು ಬೆಂಗಳೂರಿಗೋ ಅಮೆರಿಕಕ್ಕೋ ಹಾರಿದರು. ಉಳಿದವರು ಎಪ್ಪತ್ತು ಎಂಬತ್ತು ದಾಟಿದ ತಂದೆತಾಯಿಗಳು.

ಪಾರ್ಸನ್ಸರ ಲೆಕ್ಕ ತಾಳೆಬೀಳದಿರುವುದು ಇವರ ವಿಷಯದಲ್ಲಿಯೇ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಸವೆದ ಮೊಣಕಾಲು ಇವು ಗುಣವಾಗಿ ಹೋಗುವಂಥವಲ್ಲ, ಜೊತೆಯಲ್ಲಿಟ್ಟುಕೊಂಡು ಬಾಳಬೇಕಾದವು. ಇಂಥವರಿಗೆ ರೋಗಿಯ ಪಾತ್ರ ಕೊಡುವುದರಲ್ಲಿ ನಾವು ಧಾರಾಳಿಗಳು, ಹಿಂದಕ್ಕೆ ತೆಗೆದುಕೊಳ್ಳುವುದರಲ್ಲಿ ಜಿಪುಣರು. ‘ಅಪ್ಪಾ, ನೀವು ಬಾಜಾರಿಗೆ ಹೋಗಬೇಡಿ, ಫೋನಿನಲ್ಲಿ ತರಿಸೋಣ’ ಎಂದು ಬೆಂಗಳೂರಿನಿಂದ ಅಪ್ಪಣೆಯಾಗುತ್ತದೆ. ಬದನೆಕಾಯಿ ಆರಿಸುವ ಹದಿನೈದು ನಿಮಿಷದಲ್ಲಿ ನಾಲ್ಕು ಜನರನ್ನು ಮಾತನಾಡಿಸಿ ಬರುತ್ತಿದ್ದ ಹಿರಿಯರು ಅಲ್ಲಿಂದ ಮುಂದೆ ನಿಜವಾಗಿಯೂ ರೋಗಿಗಳಾಗುತ್ತಾರೆ.

ಇವರನ್ನು ನೋಡಿಕೊಳ್ಳುವವಳು ಮಾಸಿ. ಬಂಗಾಳಿಯಲ್ಲಿ ಮಾಸಿ ಎಂದರೆ ತಾಯಿಯ ಸೋದರಿ, ನಮ್ಮ ಚಿಕ್ಕಮ್ಮನ ಸ್ಥಾನ. ಬಾಯಿತುಂಬ ಚಿಕ್ಕಮ್ಮನೆಂದು ಕರೆಯುತ್ತೇವೆ. ಚಿಕ್ಕಮ್ಮನ ಸಲಿಗೆಯೂ ಇಲ್ಲ, ನೌಕರಳ ಹಕ್ಕೂ ಇಲ್ಲ. ಕೆಲವರು ದತ್ತಾಬಾದಿನಿಂದ, ಕೆಲವರು ಕೆಷ್ಟೋಪುರದ ಕಾಲುವೆಯ ಸೇತುವೆ ದಾಟಿ, ಇನ್ನು ಕೆಲವರು ನಸುಕಿನ ಲೋಕಲ್ ರೈಲು ಹಿಡಿದು ಬರುತ್ತಾರೆ. ಹನ್ನೆರಡು ಗಂಟೆಯ ಡ್ಯೂಟಿ, ದಿನಗೂಲಿ. ಸೆಂಟರಿನ ಮೂಲಕ ಬಂದವಳಾದರೆ ಅದರಲ್ಲಿ ಅವರ ಪಾಲು ಕಳೆಯಬೇಕು. ಬಾರದ ದಿನ ಕೂಲಿಯಿಲ್ಲ. ಎರಡು ದಿನ ಬಾರದಿದ್ದರೆ ಬದಲಿ ಬಂದು ಕೂರುತ್ತಾಳೆ, ಮೂರನೆಯ ದಿನಕ್ಕೆ ಆ ಮನೆಯೇ ಕೈಬಿಟ್ಟುಹೋಗಬಹುದು.

ನಮ್ಮ ಬಳಗದ ಒಂದು ಮನೆಯಲ್ಲಿ ಹೋದ ಚಳಿಗಾಲ ಹೀಗಾಯಿತು. ಮಾಸಿಗೆ ಜ್ವರ. ಹೇಳಿದರೆ ಕಳಿಸಿಬಿಡುತ್ತಾರೆಂದು ಕೆಳಗಿನ ಅಂಗಡಿಯ ಮಾತ್ರೆ ನುಂಗಿ ಮೂರು ದಿನ ದುಡಿದಳು. ನಾಲ್ಕನೆಯ ದಿನ ಎಂಬತ್ತೆರಡರ ಅಜ್ಜಿಗೂ ಜ್ವರ ಹಿಡಿದು, ಎದೆ ಕಟ್ಟಿ ಆಸ್ಪತ್ರೆ ಸೇರಿದರು. ಮನೆಯವರು ಮಾಸಿಯನ್ನು ಅಂದರು: ‘ಮೊದಲೇ ಹೇಳಬಾರದಿತ್ತೇ?’ ಹೇಳಿದ್ದರೆ ಕೂಲಿ ಕೊಡುತ್ತಿದ್ದರೇ ಎಂಬುದು ಆಗ ಯಾರ ಮನಸ್ಸಿಗೂ ಬರಲಿಲ್ಲ. ಅಜ್ಜಿ ಹುಷಾರಾಗಿ ಬಂದಿದ್ದಾರೆ, ಸಂತೋಷ. ಆ ಮಾಸಿ ಈಗ ಎಲ್ಲಿದ್ದಾಳೆಂದು ಕೇಳಿದೆವು, ತಿಳಿಯದೆಂದರು.

ಅವಳ ಮನೆಯಲ್ಲಿಯೂ ಒಬ್ಬ ಮುದುಕಿ ಇರಬಹುದಲ್ಲವೇ? ಇಲ್ಲಿ ನಮ್ಮ ತಾಯಿಯ ಮಗ್ಗುಲು ತಿರುಗಿಸುವಾಗ ಅಲ್ಲಿ ಅವಳ ತಾಯಿಗೆ ಗಂಜಿ ಕೊಡುವವಳು ನೆರೆಮನೆಯ ಹುಡುಗಿಯೋ ಶಾಲೆ ಬಿಟ್ಟ ಮಗಳೋ ಆಗಿರುತ್ತಾಳೆ. ಆರ್ಲಿ ಹೋಕ್‌ಶೀಲ್ಡ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞೆ 2000ದಲ್ಲಿ ಇದನ್ನು ಆರೈಕೆಯ ಸರಪಳಿಯೆಂದು ಕರೆದರು. ಹ್ಯೂಸ್ಟನ್ನಿನ ಮಗ, ಸಾಲ್ಟ್ ಲೇಕಿನ ತಾಯಿ, ಕಾಲುವೆಯಾಚೆಯ ಮಾಸಿ, ಅವಳ ಮಗಳು. ಹಣ ಮೇಲಿನಿಂದ ಕೆಳಕ್ಕೆ ಇಳಿಯುತ್ತ ತೆಳ್ಳಗಾಗುತ್ತದೆ. ಕೊನೆಯ ಕೊಂಡಿಗೆ ತಲುಪುವುದೇನೂ ಇಲ್ಲ. ವೇಲ್ಸಿನ ಕಲ್ಲಿದ್ದಲು ಗಣಿಗಾರರ ಹಳ್ಳಿಯಲ್ಲಿ ವೈದ್ಯರಾಗಿದ್ದ ಜೂಲಿಯನ್ ಟ್ಯೂಡರ್ ಹಾರ್ಟ್ 1971ರಲ್ಲಿ ಬರೆದದ್ದೂ ಇದರ ನೆಂಟನೇ: ಆರೈಕೆ ಯಾರಿಗೆ ಹೆಚ್ಚು ಬೇಕೋ ಅವರಿಗೇ ಕಡಿಮೆ ದೊರಕುತ್ತದೆಂದು.

ಸರ್ಕಾರ ಏನೂ ಮಾಡಿಲ್ಲವೆನ್ನುವುದು ಸಲ್ಲದು. 2003ರಲ್ಲಿ ಕರ್ನಾಟಕದ ಸಹಕಾರ ಸಂಘಗಳ ರೈತರಿಗಾಗಿ ಯಶಸ್ವಿನಿ ಬಂತು, ತಿಂಗಳಿಗೆ 5 ರೂಪಾಯಿ ಕಟ್ಟಿದವನಿಗೆ ಶಸ್ತ್ರಚಿಕಿತ್ಸೆ. ಅದರ ಹಿಂದಿದ್ದ ಡಾಕ್ಟರ್ ದೇವಿ ಶೆಟ್ಟರು ಈ ಕಲ್ಕತ್ತೆಯಲ್ಲಿಯೇ ವರ್ಷಗಟ್ಟಲೆ ಹೃದಯಗಳನ್ನು ಕುಯ್ದು ಹೊಲಿದವರು. ಬಂಗಾಳದಲ್ಲಿ 2016ರಲ್ಲಿ ಸ್ವಾಸ್ಥ್ಯಸಾಥಿ ಬಂತು, ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಆದರೆ ಇವೆಲ್ಲ ಆಸ್ಪತ್ರೆಯ ಬಿಲ್ಲಿಗೆ. ಜ್ವರ ಬಂದು ಮನೆಯಲ್ಲಿ ಮಲಗಿದವಳ ನಾಲ್ಕು ದಿನದ ಕೂಲಿಗಲ್ಲ. ಕೂಲಿಗೂ ದಾರಿ ಮಾಡಿದ್ದು 1948ರ ನೌಕರರ ರಾಜ್ಯ ವಿಮಾ ಕಾಯಿದೆ. 1952ರಲ್ಲಿ ಕಾನ್ಪುರ, ದೆಹಲಿಗಳಲ್ಲಿ ಜಾರಿಗೆ ಬಂದ ಆ ಯೋಜನೆಯಲ್ಲಿ ಕಾಯಿಲೆ ಬಿದ್ದ ಕಾರ್ಮಿಕನಿಗೆ ವರ್ಷಕ್ಕೆ 91 ದಿನದವರೆಗೆ ಕೂಲಿಯ ನೂರಕ್ಕೆ 70ರಷ್ಟು ಸಿಕ್ಕುವಂತಾಗಿದೆ. ಒಬ್ಬಳೇ ದುಡಿಯುವ ಮನೆ ಕಾರ್ಖಾನೆಯಲ್ಲವಾದ್ದರಿಂದ ನಮ್ಮ ಮಾಸಿಗೆ ಅದು ತಾಗದು.

ಹಾಗಾದರೆ ಕಾಯಿದೆ ಬರುವವರೆಗೆ ಅವಳಿಗೆ ಆ ಪಾತ್ರವನ್ನು ಕೊಡಬಲ್ಲವರು ನಾವೇ. ದಿನಕ್ಕೆ 500 ರೂಪಾಯಿಯೆಂದು ಲೆಕ್ಕಕ್ಕೆ ಹಿಡಿದರೆ ವರ್ಷಕ್ಕೆ 12 ದಿನದ ಕಾಯಿಲೆ ರಜೆಗೆ 6,000 ರೂಪಾಯಿ. ಒಂದು ರಾತ್ರಿಯ ಆಸ್ಪತ್ರೆಯ ಕೋಣೆಗೆ ಇದಕ್ಕಿಂತ ಹೆಚ್ಚು ಕೊಟ್ಟವರು ನಮ್ಮಲ್ಲಿದ್ದಾರೆ. ‘ರಜೆ ಕೊಟ್ಟರೆ ಸುಳ್ಳು ಜ್ವರ ತೋರಿಸುತ್ತಾರೆ’ ಎಂಬ ಆಕ್ಷೇಪಣೆಯನ್ನು ಸದಸ್ಯರೊಬ್ಬರು ಈಗಾಗಲೇ ಎತ್ತಿದ್ದಾರೆ. ಕ್ರಿಕೆಟ್ ಪಂದ್ಯದ ದಿನಗಳಲ್ಲಿ ನಮ್ಮ ಕಛೇರಿಗಳಲ್ಲಿ ಹಬ್ಬುತ್ತಿದ್ದ ತಲೆನೋವನ್ನು ಅವರಿಗೆ ಜ್ಞಾಪಿಸಿದೆವು.

ನಿಜವಾದ ತೊಡಕು ಬೇರೆಯಿದೆ. ಮಾಸಿ ಮಲಗಿದ ದಿನ ಅಜ್ಜಿಯ ಬಳಿ ಕೂರುವವರು ಯಾರು? ಕರುಣಾಮಯೀ ಸುತ್ತಿನ ನಾಲ್ಕು ಮನೆಯವರು ತಾವೇ ಒಂದು ಪಟ್ಟಿ ಮಾಡಿಕೊಂಡಿದ್ದಾರೆ: ಬೆಳಗ್ಗೆ ಒಬ್ಬರು, ಸಂಜೆ ಒಬ್ಬರು. ಪಟ್ಟಿಯಲ್ಲಿ ಇಬ್ಬರು ಗಂಡಸರೂ ಇದ್ದಾರೆ. ಒಬ್ಬರಿಗೆ ಗಂಜಿ ಮಾಡಲು ಬರುತ್ತದೆ, ಇನ್ನೊಬ್ಬರು ಕಲಿಯುತ್ತಿದ್ದಾರೆ. ಬೇರೆ ಬ್ಲಾಕುಗಳವರು ಹೆಸರು ಕೊಡುವುದಾದರೆ ಮುಂದಿನ ಮಾಸಿಕ ಸಭೆಗೆ ಅರ್ಧ ಗಂಟೆ ಮೊದಲೇ ಬನ್ನಿ. ಪುಸ್ತಕ ನಮ್ಮ ಬಳಿಯೇ ಇರುತ್ತದೆ.