ಕೋಟೆಯ ದಂಡೆಗೆ ಒಂದು ಭಾನುವಾರ ಸಾಲದು

ಮಳೆಗಾಲದಲ್ಲಿ ತುಂಗೆ ಉಕ್ಕಿ ಕೊರ್ಪಲಯ್ಯನ ಛತ್ರದ ಬಳಿಯ ಕಲ್ಲು ಮಂಟಪ ಮುಳುಗಿತೆಂದರೆ, ಹೊಳೆ ತುಂಬಿತೆಂದು ಶಿವಮೊಗ್ಗದ ಜನ ಲೆಕ್ಕ ಹಾಕುತ್ತಾರೆ. ದಂಡೆಗೆ ಬಂದು ಕೈಮುಗಿದು ಬಾಗಿನ ಅರ್ಪಿಸುತ್ತಾರೆ. ನೀರು ಇಳಿದ ಮೇಲೆ ಕಾಣುವ ನೋಟವೇ ಬೇರೆ. ಕೋಟೆಯ ಕೆಳಗಿನ ಬಂಡೆಗಳ ಸಂದಿಯಲ್ಲಿ, ದಂಡೆಯ ಪೊದೆಗಳಲ್ಲಿ ಹಳೆಯ ಬಟ್ಟೆ, ಪ್ಲಾಸ್ಟಿಕ್ ಚೀಲ, ದೇವರ ಪಟದ ಚೌಕಟ್ಟುಗಳು ಸಿಕ್ಕಿಕೊಂಡಿರುತ್ತವೆ. ಆಗ ಯಾವುದಾದರೊಂದು ಭಾನುವಾರ ಕಾಲೇಜಿನ ಹುಡುಗ ಹುಡುಗಿಯರ ತಂಡ ಕೈಗವಸು ತೊಟ್ಟು ದಂಡೆಗೆ ಇಳಿಯುತ್ತದೆ. ಮಧ್ಯಾಹ್ನದ ಹೊತ್ತಿಗೆ ಹತ್ತಾರು ಮೂಟೆ ಕಸ ಮೇಲೆ ಬರುತ್ತದೆ. ಮರುದಿನ ಪತ್ರಿಕೆಯಲ್ಲಿ ಚಿತ್ರವೂ ಬರುತ್ತದೆ.

ಇದನ್ನು ಹಗುರವಾಗಿ ಕಾಣುವುದು ಸಲ್ಲದು. ರಾಷ್ಟ್ರೀಯ ಸೇವಾ ಯೋಜನೆ 1969ರ ಸೆಪ್ಟೆಂಬರ್ 24ರಂದು, ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷದಲ್ಲಿ, 37 ವಿಶ್ವವಿದ್ಯಾಲಯಗಳ ಸುಮಾರು 40 ಸಾವಿರ ವಿದ್ಯಾರ್ಥಿಗಳೊಂದಿಗೆ ಆರಂಭವಾಯಿತು. ಪುಸ್ತಕದಿಂದ ತಲೆಯೆತ್ತಿ ಪಕ್ಕದ ಕೇರಿಯತ್ತ ನೋಡುವ ಅವಕಾಶ ಎಷ್ಟೋ ಮಕ್ಕಳಿಗೆ ಮೊದಲ ಬಾರಿಗೆ ದೊರೆತದ್ದು ಅದರ ಶಿಬಿರಗಳಲ್ಲಿಯೇ. ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆ ಎಂಬುದು ಅದರ ನಿಯಮ. ಗಂಟೆಗಳನ್ನು ಎಣಿಸುವ ಸೇವೆಗೆ ಒಂದು ಅಪಾಯವಿದೆ. ಎಣಿಕೆ ಮುಗಿದ ದಿನ ಕೆಲಸವೂ ಮುಗಿದಂತೆ ತೋರುತ್ತದೆ. ಹೊಳೆಗೆ ಮಾತ್ರ ಆ ಲೆಕ್ಕ ತಿಳಿಯದು. ಮೂಟೆಗಳು ಮೇಲೆ ಬಂದ ಸಂಜೆಯೇ ನಗರದ ಚರಂಡಿಗಳು ಎಂದಿನಂತೆ ನೀರಿಗೆ ಇಳಿಯುತ್ತಿರುತ್ತವೆ. ಆ ನೀರು ಕೂಡಲಿಯಲ್ಲಿ ಭದ್ರೆಯನ್ನು ಕೂಡಿಕೊಂಡು ಹೊನ್ನಾಳಿ, ಹರಿಹರಗಳತ್ತ ಸಾಗುತ್ತದೆ. ಅಲ್ಲಿಯವರಿಗೂ ಅದೇ ಕುಡಿಯುವ ನೀರು. ಕಸ ಎಲ್ಲಿಂದ ಬಂತೆಂದು ಕೇಳದೆ ಕಸವನ್ನಷ್ಟೇ ಎತ್ತುವ ಸೇವೆ, ಹೊಲಸು ಮಾಡುವವರಿಗೆ ಸಂಬಳವಿಲ್ಲದ ಆಳನ್ನು ಒದಗಿಸಿಕೊಟ್ಟಂತೆ.

ಮಲೆನಾಡಿನ ಯುವಜನರು ಇದಕ್ಕಿಂತ ಕಠಿಣವಾದ ಕೆಲಸವನ್ನು ಮಾಡಿ ತೋರಿಸಿದ್ದಾರೆ. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಕಳಾಸೆ ಕಾಡಿಗೆ ನಡೆದು ಮರಗಳನ್ನು ಅಪ್ಪಿ ನಿಂತ ಕಥೆ ಎಲ್ಲರಿಗೂ ಗೊತ್ತು. ಅಪ್ಪಿಕೊಂಡ ಚಿತ್ರ ಉಳಿದಿದೆ, ಅದರ ಹಿಂದಿನ ಸಿದ್ಧತೆ ಮರೆತುಹೋಗಿದೆ. ಸಹಜ ಕಾಡನ್ನು ಕಡಿದು ತೇಗ ಬೆಳೆಸಿದ ಕಡೆ ಒರತೆಗಳು ಬತ್ತಿದ್ದನ್ನು ಆ ಊರುಗಳವರು ಕಣ್ಣಾರೆ ಕಂಡಿದ್ದರು. ಯುವಕ ಮಂಡಳಿಗಳ ಹುಡುಗರು ಅದನ್ನು ಊರಿನ ಮಾತಾಗಿಸಿದರು. ಇಲಾಖೆಗೆ ಮನವಿ ಹೋಯಿತು, ಫಲ ಸಿಗಲಿಲ್ಲ. ಸುಂದರಲಾಲ್ ಬಹುಗುಣರನ್ನು ಕರೆಸಿ ಅವರ ಮಾತು ಕೇಳಿದರು. ಕಾಡಿಗೆ ನಡೆದದ್ದು ಇಷ್ಟೆಲ್ಲ ಆದ ಮೇಲೆ. ನಡೆದವರು ಒಂದು ದಿನ ನಿಂತು ಮರಳಲೂ ಇಲ್ಲ, ಸರದಿಯಂತೆ 38 ದಿನ ಕಾಡಿನಲ್ಲಿಯೇ ಕಾವಲಿದ್ದರು. ಗದ್ದೆ ತೋಟದ ಕೆಲಸ ಅವರಿಗೇನು ಇರಲಿಲ್ಲವೇ?

ಜೂನ್ 5ರಂದು ಸಸಿ ನೆಡುವವರಿಗೂ ಇಲ್ಲೊಂದು ಪಾಠವಿದೆ. ಹಸಿರು ಕಂಡಲ್ಲೆಲ್ಲ ಕಾಡಿರುವುದಿಲ್ಲ. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ರೈತರು ನೀಲಗಿರಿ ಸಸಿಗಳನ್ನು ಕಿತ್ತು ಊರಿಗೆ ಬೇಕಾದ ಗಿಡಗಳನ್ನು ನೆಟ್ಟ ‘ಕಿತ್ತಿಕೊ ಹಚ್ಚಿಕೊ’ ಸತ್ಯಾಗ್ರಹ ನೆಡುವ ಮೊದಲು ಯಾವ ಗಿಡ, ಯಾರ ಭೂಮಿ, ಯಾರಿಗಾಗಿ ಎಂದು ಕೇಳಿತ್ತು. ಭದ್ರಾವತಿಯ ಕಾಗದ ಕಾರ್ಖಾನೆಗೆಂದು 1980ರಲ್ಲಿ 40 ವರ್ಷಗಳ ಅವಧಿಗೆ ನೀಡಿದ ಅರಣ್ಯಭೂಮಿಯಲ್ಲಿ ಅಕೇಶಿಯಾ, ನೀಲಗಿರಿ ಬೆಳೆದವು. ಗುತ್ತಿಗೆಯನ್ನು 2020ರಲ್ಲಿ, ಗಿರಣಿ ನಿಂತ ಮೇಲೆಯೂ, ಇನ್ನೂ 40 ವರ್ಷ ಮುಂದುವರಿಸುವ ಆದೇಶ ಹೊರಬಿದ್ದಾಗ ‘ನಮ್ಮೂರಿಗೆ ಅಕೇಶಿಯಾ ಮರ ಬೇಡ’ ಎಂದು ಮಲೆನಾಡಿನ ಹಳ್ಳಿಗಳು ದನಿಯೆತ್ತಿದವು. ಸಸಿಯನ್ನು ಕೈಗೆತ್ತಿಕೊಳ್ಳುವ ವಿದ್ಯಾರ್ಥಿಗೆ ಈ ಇತಿಹಾಸ ತಿಳಿದಿರಬೇಕು.

ಹಾಗಾದರೆ ಕೋಟೆಯ ದಂಡೆಯಲ್ಲಿ ಮಾಡಬೇಕಾದದ್ದೇನು? ಇಡೀ ತುಂಗೆಯನ್ನು ಶುದ್ಧಗೊಳಿಸುವ ಪ್ರತಿಜ್ಞೆ ಬೇಡ. ಒಂದು ತಂಡ ಒಂದೇ ಚರಂಡಿಯನ್ನು ಆರಿಸಿಕೊಂಡರೆ ಸಾಕು. ಅದು ಹೊಳೆಗೆ ಸೇರುವ ಬಾಯಿಯಿಂದ ಹಿಮ್ಮುಖವಾಗಿ ನಡೆದು, ಯಾವ ಬೀದಿ, ಯಾವ ಹೋಟೆಲು, ಯಾವ ಗ್ಯಾರೇಜು, ಯಾವ ಒಳಚರಂಡಿಯ ಒಡಕು ಎಂದು ನಕ್ಷೆ ಬರೆಯಬೇಕು. ಚರಂಡಿಯ ಬಾಯಿಗಿಂತ ಮೇಲೆ ಮತ್ತು ಕೆಳಗೆ ತಿಂಗಳಿಗೊಮ್ಮೆ ನೀರು ತುಂಬಿ, ಅದರಲ್ಲಿ ಕರಗಿರುವ ಆಮ್ಲಜನಕವನ್ನು ಅಳೆಯಬೇಕು. ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಮಾಡಬಹುದಾದ ಪರೀಕ್ಷೆ ಅದು. ಸ್ನಾನಕ್ಕೆ ಯೋಗ್ಯವಾದ ನೀರಿನಲ್ಲಿ ಲೀಟರಿಗೆ ಕನಿಷ್ಠ 5 ಮಿಲಿಗ್ರಾಂ ಆಮ್ಲಜನಕವಿರಬೇಕು, 100 ಮಿ.ಲೀ. ನೀರಿನಲ್ಲಿ ಕೋಲಿಫಾರ್ಮ್ ಅಣುಜೀವಿಗಳು 500 ಮೀರಬಾರದು ಎಂಬುದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನದಂಡ. ಮೇಲಿನ ಸಂಖ್ಯೆಗೂ ಕೆಳಗಿನ ಸಂಖ್ಯೆಗೂ ಇರುವ ಅಂತರ ಭಾಷಣಕ್ಕಿಂತ ಗಟ್ಟಿಯಾಗಿ ಮಾತಾಡುತ್ತದೆ. ಆ ವಹಿಯನ್ನು ಹಿಡಿದು ಪಾಲಿಕೆಗೆ ಹೋಗಬೇಕು. ಉತ್ತರ ಬರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಿದೆ. 10 ರೂಪಾಯಿ ಶುಲ್ಕ ಕಟ್ಟಿದರೆ 30 ದಿನಗಳಲ್ಲಿ ಉತ್ತರ ಕೊಡಲೇಬೇಕು.

ಇದರಲ್ಲಿ ಚಪ್ಪಾಳೆ ಕಡಿಮೆ. ಕಚೇರಿಯ ಬೆಂಚಿನ ಮೇಲೆ ಕಾಯುವುದು ಹೆಚ್ಚು. ಅಂಗಡಿಯವರ ಸಿಟ್ಟನ್ನೂ ಎದುರಿಸಬೇಕಾಗುತ್ತದೆ. ‘ಓದೋ ಮಕ್ಕಳಿಗೆ ಇದೆಲ್ಲ ಯಾಕೆ’ ಎಂದು ಮನೆಯ ಹಿರಿಯರೇ ಕೇಳಿಯಾರು.

ತೀರ್ಥಹಳ್ಳಿ, ಹೊಸನಗರದ ಕಡೆಯಿಂದ ಬಂದು ಶಿವಮೊಗ್ಗದ ಹಾಸ್ಟೆಲುಗಳಲ್ಲಿ ಓದುವವರಿಗೆ ಇನ್ನೊಂದು ಹೊಣೆಯೂ ಇದೆ. ‘ನಮ್ಮ ಕಡೆ ನೀರು ತಿಳಿಯಾಗಿದೆ, ಕೆಡಿಸುವವರು ಪೇಟೆಯವರು’ ಎಂಬ ಮಾತು ಘಟ್ಟದಲ್ಲಿ ಸುಲಭವಾಗಿ ಬಾಯಿಗೆ ಬರುತ್ತದೆ. ಅಡಿಕೆಯ ಕೊಳೆರೋಗಕ್ಕೆಂದು ವರ್ಷವರ್ಷವೂ ಸಿಂಪಡಿಸುವ ಬೋರ್ಡೊ ದ್ರಾವಣದ ಮೈಲುತುತ್ತ ತೋಟದ ಮಣ್ಣಿನಲ್ಲಿ ಉಳಿಯುತ್ತದೆ. ಕಳೆನಾಶಕದ ಖಾಲಿ ಡಬ್ಬಿಗಳು ಹಳ್ಳದ ಬದಿಯಲ್ಲಿ ಬಿದ್ದಿರುತ್ತವೆ. ಕೋಟೆಯ ದಂಡೆಯಲ್ಲಿ ಕಲಿತ ಪರೀಕ್ಷೆಯನ್ನು ರಜೆಯಲ್ಲಿ ಊರಿನ ಹಳ್ಳಕ್ಕೂ ಒಡ್ಡಿ, ಬಂದ ಫಲಿತಾಂಶವನ್ನು ಗ್ರಾಮಸಭೆಯಲ್ಲಿ ಓದಿ ಹೇಳುವ ಧೈರ್ಯ ಬೇಕು. ಸ್ವಂತ ಅಪ್ಪನ ತೋಟದ ವಿಷಯವಾದ್ದರಿಂದ ಇದು ಪಾಲಿಕೆಯ ಮುಂದೆ ನಿಲ್ಲುವುದಕ್ಕಿಂತಲೂ ಕಷ್ಟ.

ವಿದ್ಯಾರ್ಥಿಗಳ ಪ್ರಯತ್ನಗಳು ಸೊರಗುವುದು ಹೆಚ್ಚಾಗಿ ಮೂರನೆಯ ವರ್ಷದಲ್ಲಿ. ಪದವಿ ಮುಗಿಯುತ್ತದೆ, ಮುಂದಾಳಾಗಿದ್ದವರು ಬೆಂಗಳೂರಿನ ಬಸ್ಸು ಹತ್ತುತ್ತಾರೆ, ವಹಿ ಯಾರದೋ ಟ್ರಂಕಿನ ತಳ ಸೇರುತ್ತದೆ. ಆದ್ದರಿಂದ ತಂಡ ಕಟ್ಟುವ ದಿನವೇ ಅದರಲ್ಲಿ ಮೊದಲ ವರ್ಷದವರು ಅರ್ಧದಷ್ಟಾದರೂ ಇರಬೇಕು. ಊರಲ್ಲೇ ನಿಲ್ಲುವವರು, ದಂಡೆಯ ನಿವಾಸಿಗಳು, ಬಟ್ಟೆ ಒಗೆಯುವವರು, ಮೀನು ಹಿಡಿಯುವವರು ಜೊತೆಗಿರಬೇಕು. ಹೊಳೆಯ ಬಣ್ಣ ಯಾವ ಹೊತ್ತಿಗೆ ಬದಲಾಗುತ್ತದೆಂದು ಅವರಿಗೆ ತಿಳಿದಷ್ಟು ಪ್ರಯೋಗಾಲಯಕ್ಕೂ ತಿಳಿಯದು.

2024ರ ನವೆಂಬರಿನಲ್ಲಿ ನಿರ್ಮಲ ತುಂಗಭದ್ರಾ ಅಭಿಯಾನದ ಪಾದಯಾತ್ರೆ ಶೃಂಗೇರಿಯಿಂದ ಹೊರಟು ಈ ದಂಡೆಯನ್ನೂ ಹಾದುಹೋಯಿತು. ನಡೆದವರು ತಮ್ಮ ಪಾಲಿನ ಕೆಲಸ ಮಾಡಿದ್ದಾರೆ. ಚರಂಡಿಯ ಬಾಯಿಯಲ್ಲಿ ತಿಂಗಳಿಗೊಮ್ಮೆ ನೀರು ತುಂಬುವ ಕೆಲಸ ಸ್ಥಳೀಯರದು. ಗಾಜನೂರಿನ ಕೆಳಗೆ ಹರಿವು ಸಣ್ಣದಾಗುವ ಬೇಸಿಗೆಯಲ್ಲಿ ಹೊಳೆಯ ನಿಜವಾದ ಸ್ಥಿತಿ ಕಾಣುತ್ತದೆ. ಮೊದಲ ಸೀಸೆಯನ್ನು ಮುಂಗಾರು ಹಿಡಿಯುವ ಮೊದಲೇ ತುಂಬಿದರೆ, ಮಂಟಪ ಮುಳುಗಿ ಎದ್ದ ಮೇಲಿನ ನೀರಿನೊಡನೆ ಅದನ್ನು ಹೋಲಿಸಲು ಬರುತ್ತದೆ.