ಕಂದಾಯ ಕೊಟ್ಟವನಿಗೆ ಲೆಕ್ಕವೆಲ್ಲಿ?

ನಮ್ಮ ಜನಕ್ಕೆ ಕಂದಾಯವೆಂದರೆ ಮೈಯುರಿ ಎಂಬ ಆಕ್ಷೇಪಣೆಯನ್ನು ಆಡಳಿತ ನಡೆಸುವವರ ಬಾಯಲ್ಲಿ ಮತ್ತೆ ಮತ್ತೆ ಕೇಳುತ್ತೇವೆ. ಇವರಿಗೆ ಸೌಕರ್ಯವೆಲ್ಲ ಬೇಕು, ಗಂಟು ಬಿಚ್ಚುವುದು ಮಾತ್ರ ಬೇಡ ಎಂದು ಅವರ ದೂರು. ಈ ದೂರನ್ನು ನಾನು ಒಪ್ಪಲಾರೆ. ದೇವರ ಹುಂಡಿಗೆ, ಊರ ಜಾತ್ರೆಗೆ, ಬೀದಿಯ ಗಣೇಶನ ಚಂದಾಕ್ಕೆ ಕೈಯೆತ್ತಿ ಕೊಡುವವರು ಈ ಜನರೇ ಅಲ್ಲವೆ? ಆದರೆ ಚಂದಾ ಎತ್ತಿದ ಹುಡುಗರು ಪೆಂಡಾಲಿಗೆ ಇಷ್ಟು, ವಾಲಗಕ್ಕೆ ಇಷ್ಟು ಎಂದು ಲೆಕ್ಕ ಹೇಳಬೇಕು. ಹೇಳದಿದ್ದರೆ ಮರುವರ್ಷ ಚಂದಾ ಹುಟ್ಟುವುದಿಲ್ಲ. ಕೊಡುವವನ ಸಿಟ್ಟು ಮೊತ್ತದ ಮೇಲಲ್ಲ, ಲೆಕ್ಕ ಹೇಳದವನ ಮೇಲೆ.

ಬೆಂಗಳೂರಿನ ಮಾತನ್ನೇ ತೆಗೆದುಕೊಳ್ಳೋಣ. 2007ರಲ್ಲಿ ಸುತ್ತಲಿನ ಪಟ್ಟಣಗಳೊಡನೆ 110 ಹಳ್ಳಿಗಳನ್ನೂ ಸೇರಿಸಿಕೊಂಡು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಹುಟ್ಟಿತು. ಹಳ್ಳಿಯವರು ನಗರವಾಸಿಗಳಾದರು, ನಗರದ ಆಸ್ತಿ ತೆರಿಗೆಯೂ ಬಂದಿತು. ಆದರೆ ಈ ಹಳ್ಳಿಗಳಿಗೆಂದೇ ಕೈಗೊಂಡ ಕಾವೇರಿ ಐದನೆಯ ಹಂತದ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ನಡುವೆ ಕಳೆದದ್ದು 17 ವರ್ಷ! ಅದೇ 2024ರ ಬೇಸಗೆಯಲ್ಲಿ ಕೊಳವೆಬಾವಿಗಳು ಬತ್ತಿದಾಗ ಜಿಲ್ಲಾಡಳಿತ ಟ್ಯಾಂಕರ್ ನೀರಿಗೆ ದರ ಗೊತ್ತುಪಡಿಸಿತು: ಐದು ಕಿಲೋಮೀಟರಿನೊಳಗೆ 12,000 ಲೀಟರಿಗೆ 1,000 ರೂಪಾಯಿ. ಸುಲಿಗೆಯನ್ನು ತಡೆಯಲು ಅದು ಬೇಕಾಗಿತ್ತು, ನಿಜ. ಆದರೆ ತಾನು ಒದಗಿಸಬೇಕಾದ ನೀರನ್ನು ಪ್ರಜೆಯು ಅಂಗಡಿಯಲ್ಲಿ ಕೊಳ್ಳಬೇಕೆಂದು ಸರ್ಕಾರವೇ ಬೆಲೆಚೀಟಿ ಅಂಟಿಸಿದಂತಾಗಲಿಲ್ಲವೆ?

ನೀರು ಜಲಮಂಡಳಿಯದು, ಪಾಲಿಕೆಯದಲ್ಲ ಎಂದು ಬಲ್ಲವರು ನನ್ನನ್ನು ತಿದ್ದಿಯಾರು. ತಿದ್ದಲಿ. ವಸೂಲಿಗೆ ಬರುವಾಗ ಊರೆಲ್ಲ ಒಂದು. ಸೌಕರ್ಯ ಕೇಳಲು ಹೋದರೆ ಹತ್ತು ಕಚೇರಿ, ಹತ್ತು ಬಾಗಿಲು. ಈ ಭೇದವನ್ನು ಕಲಿತುಕೊಳ್ಳುವುದು ಪ್ರಜೆಯ ಕರ್ತವ್ಯವೆಂದು ಯಾವ ಶಾಸ್ತ್ರ ಹೇಳುತ್ತದೆ?

ಇನ್ನು ಗ್ರಂಥಾಲಯದ ಕತೆ. 1965ರ ಗ್ರಂಥಾಲಯ ಕಾಯಿದೆಯ ಆಧಾರದ ಮೇಲೆ ಆಸ್ತಿ ತೆರಿಗೆಯ ನೂರು ರೂಪಾಯಿಗೆ ಆರು ರೂಪಾಯಿಯಂತೆ ಉಪಕರ ಎತ್ತುತ್ತಾರೆ. ಪುಸ್ತಕ ಓದದವನೂ ಇದನ್ನು ಕೊಡುತ್ತಾನೆ. ಬೆಂಗಳೂರಿನಲ್ಲಿ ಹೀಗೆ ಎತ್ತಿದ ಹಣ ಗ್ರಂಥಾಲಯ ಇಲಾಖೆಗೆ ಸಲ್ಲದೆ, ಬಾಕಿ ನೂರಾರು ಕೋಟಿಗೆ ಬೆಳೆದ ಸಂಗತಿ ಗುಟ್ಟಲ್ಲ. ಬೇರೆ ತೆರಿಗೆಯನ್ನಾದರೂ ಎಲ್ಲಿ ಬೇಕಾದರೂ ಖರ್ಚು ಮಾಡಬಹುದೆನ್ನೋಣ. ಉಪಕರವೆಂದರೆ ಹೆಸರು ಹೇಳಿ ಪಡೆದ ಹಣ. ಮಗಳ ಮದುವೆಗೆಂದು ಸಾಲ ತಂದು ಮನೆಯ ಸುಣ್ಣಕ್ಕೆ ಸುರಿದವನನ್ನು ನಾವು ಏನೆನ್ನುತ್ತೇವೆಯೋ ಇಲ್ಲಿಯೂ ಅದನ್ನೇ ಅನ್ನಬೇಕು.

ಕೇಳೋಣವೆಂದರೆ ಯಾರನ್ನು ಕೇಳುವುದು? ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಅವಧಿ ಮುಗಿಯುವ ಮುನ್ನವೇ ಚುನಾವಣೆ ಆಗಬೇಕೆಂದು ಸಂವಿಧಾನ ವಿಧಿಸಿದೆ. ಆದರೂ ಐದು ವರ್ಷ ಕಳೆದರೂ ಚುನಾವಣೆ ನಡೆಯಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಪಾಲಿಕೆಯೇ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರವೂ ಐದು ನಗರಪಾಲಿಕೆಗಳೂ ಬಂದವು. ಈ ಅರಸಿಲ್ಲದ ಕಾಲದಲ್ಲಿಯೇ, 2025ರ ಏಪ್ರಿಲಿನಿಂದ, ಕಸದ ಶುಲ್ಕವೊಂದು ಆಸ್ತಿ ತೆರಿಗೆಯ ಬೆನ್ನೇರಿತು. ಚುನಾವಣೆಗೆ ಇಲ್ಲದ ಅವಸರ ವಸೂಲಿಗೆ ಹೇಗೆ ಬಂದಿತೋ!

ತೆರಿಗೆ ಕದಿಯುವ ಧನಿಕರ ಪರವಾಗಿ ನಾನು ವಕಾಲತ್ತು ವಹಿಸಿಲ್ಲ. ಅವರ ಮನೆಯಲ್ಲಿ ಕೊಳವೆಬಾವಿಯಿದೆ, ಬಾಗಿಲಲ್ಲಿ ಕಾವಲುಗಾರನಿದ್ದಾನೆ, ಮಕ್ಕಳಿಗೆ ಖಾಸಗಿ ಶಾಲೆಯಿದೆ. ಸಾರ್ವಜನಿಕ ಸೇವೆ ಕೆಟ್ಟರೆ ಅವರಿಗೆ ನಷ್ಟ ಕೊಂಚ. ಸ್ವಂತ ಮನೆಯಿಲ್ಲದ ಕೂಲಿಯವನ ಪಾಡು ಬೇರೆ. ಅವನೂ ತೆರಿಗೆ ಕೊಡುತ್ತಾನೆ: ಮನೆಯ ಮಾಲೀಕ ಕಟ್ಟುವ ಕಂದಾಯ ಬಾಡಿಗೆಯಲ್ಲಿ ಸೇರಿಕೊಂಡಿರುತ್ತದೆ, 2017ರ ಜುಲೈಯಿಂದ ಜಿ.ಎಸ್.ಟಿ. ಅವನ ಸೋಪಿನಲ್ಲಿ, ಬಿಸ್ಕತ್ತಿನಲ್ಲಿ ಕುಳಿತಿದೆ. ಒಂದೇ ಸೌಕರ್ಯಕ್ಕೆ ಎರಡನೆಯ ಸಲ ಹಣ ತೆರುವ ಶಕ್ತಿ ಅವನಿಗಿಲ್ಲ. ಸಾಕಷ್ಟು ಕಾಸಿದ್ದವರು ಒಬ್ಬೊಬ್ಬರಾಗಿ ಸರ್ಕಾರಿ ಶಾಲೆಯಿಂದ, ಸರ್ಕಾರಿ ಆಸ್ಪತ್ರೆಯಿಂದ ಎದ್ದುಹೋದ ಮೇಲೆ ಅವನ ಪರವಾಗಿ ಗದರಿಸಿ ಮಾತನಾಡುವವರೂ ಉಳಿಯಲಿಲ್ಲ. ಆದ್ದರಿಂದ ತೆರಿಗೆಯೇ ಬೇಡವೆನ್ನುವವರ ಗುಂಪಿಗೆ ನಾನು ಸೇರಲಾರೆ. ತೆರಿಗೆ ಬೇಕು, ಅದರೊಡನೆ ಲೆಕ್ಕವೂ ಬೇಕು.

ನನ್ನ ಬೇಡಿಕೆ ದೊಡ್ಡದಲ್ಲ. ಪ್ರತಿಯೊಂದು ವಾರ್ಡಿನಲ್ಲಿ ಎತ್ತಿದ್ದು ಎಷ್ಟು, ಅಲ್ಲಿಯೇ ಖರ್ಚಾದದ್ದು ಎಷ್ಟು ಎಂಬುದನ್ನು ಎಲ್ಲರೂ ಓದುವಂತೆ ಹಲಗೆಯ ಮೇಲೆ ಕನ್ನಡದಲ್ಲಿ ಬರೆಯಿಸಲಿ. ಉಪಕರದ ಹಣ ಯಾವ ಹೆಸರಿನಲ್ಲಿ ಬಂದಿತೋ ಆ ಮನೆಗೆ ತಿಂಗಳೊಳಗೆ ತಲುಪಲಿ. ಚುನಾವಣೆ ಇನ್ನು ಮುಂದೆ ಒಮ್ಮೆಯೂ ಗಡುವು ಮೀರದಿರಲಿ. ಇಷ್ಟನ್ನು ಮಾಡಿ ಆಮೇಲೆ ದರ ಏರಿಸುವ ಮಾತು ಎತ್ತಲಿ. ಅಲ್ಲಿಯವರೆಗೆ, ಗೊಣಗುತ್ತ ಕಂದಾಯ ಕಟ್ಟುವವನನ್ನು ಜಿಪುಣನೆಂದು ಜರೆಯುವ ಹಕ್ಕು ಯಾವ ಅಧಿಕಾರಿಗೂ ಇಲ್ಲ. ಅವನು ಹಣ ಕೊಟ್ಟವನು, ಲೆಕ್ಕ ಕೇಳುತ್ತಿದ್ದಾನೆ.